ಕ್ಯೂಬಿಟ್ ಎಣಿಸಿದ್ದು ಸಾಕು, ಬೆಸುಗೆ ನೋಡೋಣ

ಅಮೆರಿಕದ ಒರೆಗಾನ್ ರಾಜ್ಯದ ಹಿಲ್ಸ್‌ಬರೊದಲ್ಲಿ ಇಂಟೆಲ್ ಕಂಪನಿಯ ಚಿಪ್ ಕಾರ್ಖಾನೆಯಿದೆ. ಉಗುರಗಲದ ಸಿಲಿಕಾನ್ ಚೂರಿನ ಮೇಲೆ ನೂರಾರು ಕೋಟಿ ಟ್ರಾನ್ಸಿಸ್ಟರುಗಳನ್ನು ಕೂರಿಸುವುದು ಅಲ್ಲಿನವರಿಗೆ ನಿತ್ಯದ ಕೆಲಸ. 2023ರ ಜೂನ್‌ನಲ್ಲಿ ಅದೇ ಕಾರ್ಖಾನೆಯಿಂದ ಟನಲ್ ಫಾಲ್ಸ್ ಎಂಬ ಕ್ವಾಂಟಮ್ ಚಿಪ್ ಹೊರಬಂತು. 300 ಮಿಲಿಮೀಟರ್ ವ್ಯಾಸದ ಒಂದು ಬಿಲ್ಲೆಯ ಮೇಲೆ 24,000ಕ್ಕೂ ಹೆಚ್ಚು ಕ್ವಾಂಟಮ್ ಡಾಟ್ ಸಾಧನಗಳನ್ನು ಮೂಡಿಸಬಹುದು, ಇಳುವರಿ ಶೇ 95 ಎಂದು ಕಂಪನಿ ಹೇಳಿಕೊಂಡಿತು. ಚಿಪ್ಪಿನಲ್ಲಿದ್ದ ಕ್ಯೂಬಿಟ್‌ಗಳು ಮಾತ್ರ 12, ಅವೂ ಒಂದೇ ಸಾಲಿನಲ್ಲಿ. ಸಾವಿರಗಟ್ಟಲೆ ತಯಾರಿಸಬಲ್ಲವರು ಡಜನ್ನಿಗೆ ಯಾಕೆ ನಿಂತರು? ತಯಾರಿಸುವುದು ಇಲ್ಲಿ ಸುಲಭದ ಅರ್ಧ. ಒಂದನ್ನು ಇನ್ನೊಂದಕ್ಕೆ ಬೆಸೆಯುವುದು ಕಷ್ಟದ ಅರ್ಧ. ಕ್ವಾಂಟಮ್ ಕಂಪ್ಯೂಟರಿನ ಸುದ್ದಿ ಬಂದಾಗಲೆಲ್ಲ ನಮ್ಮ ಪತ್ರಿಕೆಗಳು, ಸರ್ಕಾರಗಳು, ಹೂಡಿಕೆದಾರರು ಮೊದಲು ಕೇಳುವುದು ಎಷ್ಟು ಕ್ಯೂಬಿಟ್ ಎಂದು. ಅರೆವಾಹಕ ಚಿಪ್ಪುಗಳ ಮಟ್ಟಿಗಾದರೂ ಇದು ದಾರಿತಪ್ಪಿಸುವ ಪ್ರಶ್ನೆ ಎಂಬುದು ನನ್ನ ವಾದ. ಎರಡು ಕ್ಯೂಬಿಟ್‌ಗಳು ಎಷ್ಟು ದೂರದಿಂದ, ಎಷ್ಟು ನಿಖರವಾಗಿ ಬೆಸೆದುಕೊಳ್ಳುತ್ತವೆ ಎಂದು ಕೇಳುವವರಿಗೆ ಈ ತಂತ್ರಜ್ಞಾನದ ನಿಜವಾದ ಅಂದಾಜು ಸಿಗುತ್ತದೆ.

ಎಲೆಕ್ಟ್ರಾನಿಗೆ ವಿದ್ಯುದಾವೇಶ ಇರುವಂತೆಯೇ ಸ್ಪಿನ್ ಎಂಬ ಇನ್ನೊಂದು ಗುಣವೂ ಇದೆ. ಕಾಂತಕ್ಷೇತ್ರದಲ್ಲಿಟ್ಟು ಅಳೆದರೆ ಅದು ಮೇಲ್ಮುಖವಾಗಿರುತ್ತದೆ ಇಲ್ಲವೇ ಕೆಳಮುಖವಾಗಿರುತ್ತದೆ. ಅಳೆಯುವ ಮೊದಲು ಎರಡರ ಯಾವ ಮಿಶ್ರಣವಾದರೂ ಆಗಿರಬಹುದು. ಮಾಹಿತಿಯನ್ನು ಈ ಮಿಶ್ರಣದಲ್ಲೇ ಬರೆದಿಟ್ಟರೆ ಅದು ಸ್ಪಿನ್ ಕ್ಯೂಬಿಟ್. ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿದ್ದ ಡೇನಿಯಲ್ ಲಾಸ್ ಮತ್ತು ಐಬಿಎಂನಲ್ಲಿದ್ದ ಡೇವಿಡ್ ಡಿವಿನ್ಸೆಂಜೊ 1998ರಲ್ಲಿ ಇದರ ನಕ್ಷೆ ಬರೆದರು: ಅರೆವಾಹಕದೊಳಗೆ ವೋಲ್ಟೇಜಿನಿಂದ ಸಣ್ಣ ಗುಂಡಿಗಳನ್ನು ಮಾಡಿ, ಒಂದೊಂದರಲ್ಲಿ ಒಂದೊಂದೇ ಎಲೆಕ್ಟ್ರಾನನ್ನು ಹಿಡಿದಿಡುವುದು. ಈ ಗುಂಡಿಗಳೇ ಕ್ವಾಂಟಮ್ ಡಾಟ್‌ಗಳು. ಅದೇ ವರ್ಷ, ಆಗ ಸಿಡ್ನಿಯಲ್ಲಿದ್ದ ಬ್ರೂಸ್ ಕೇನ್ ಸಿಲಿಕಾನಿನೊಳಗೆ ರಂಜಕದ ಒಂಟಿ ಪರಮಾಣುಗಳನ್ನು ಹೂತು ಅವುಗಳ ಸ್ಪಿನ್ ಬಳಸುವ ದಾರಿ ಸೂಚಿಸಿದರು. ಎರಡೂ ಬರಹಗಳ ಹೆಚ್ಚಿನ ಚಿಂತೆ ಬೆಸುಗೆಯದೇ ಆಗಿತ್ತು ಎಂಬುದನ್ನು ಗಮನಿಸಬೇಕು. ಒಂಟಿ ಕ್ಯೂಬಿಟ್ ಏನನ್ನೂ ಲೆಕ್ಕ ಹಾಕಲಾರದು. ಒಂದರ ಸ್ಥಿತಿ ಇನ್ನೊಂದರ ಸ್ಥಿತಿಯೊಡನೆ ಹೆಣೆದುಕೊಂಡಾಗ ಮಾತ್ರ ಸಾಮಾನ್ಯ ಕಂಪ್ಯೂಟರಿಗೆ ಆಗದ ಲೆಕ್ಕ ಶುರುವಾಗುತ್ತದೆ.

ಆ ಹೆಣಿಗೆ ಹೇಗೆ ನಡೆಯುತ್ತದೆಂದು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಈ ತಂತ್ರದ ಸೊಗಸೂ ಸಂಕಟವೂ ಅಲ್ಲೇ ಇವೆ. ಪಕ್ಕಪಕ್ಕದ ಎರಡು ಗುಂಡಿಗಳಲ್ಲಿ ಒಂದೊಂದು ಎಲೆಕ್ಟ್ರಾನ್ ಕೂತಿದೆ. ನಡುವೆ ಒಂದು ತಡೆ, ಅದರ ಮೇಲೊಂದು ಲೋಹದ ಗೇಟ್. ಗೇಟಿನ ವೋಲ್ಟೇಜನ್ನು ಕ್ಷಣಮಾತ್ರ ಏರಿಸಿದರೆ ತಡೆ ತಗ್ಗಿ, ಎರಡು ಎಲೆಕ್ಟ್ರಾನುಗಳ ಅಲೆಗಳು ಒಂದರ ಮೇಲೊಂದು ಹಾಯುತ್ತವೆ. ಒಂದೇ ಬಗೆಯ ಸ್ಪಿನ್ ಇರುವ ಎರಡು ಎಲೆಕ್ಟ್ರಾನುಗಳು ಒಂದೇ ಜಾಗದಲ್ಲಿ ಇರಲಾರವೆಂಬ ಪೌಲಿಯ ನಿಯಮ ಆಗ ಕೆಲಸಕ್ಕೆ ಬರುತ್ತದೆ. ಸ್ಪಿನ್‌ಗಳು ಹೊಂದಿಕೊಂಡಿರುವ ರೀತಿಯ ಮೇಲೆ ಶಕ್ತಿಯಲ್ಲಿ ಸಣ್ಣ ವ್ಯತ್ಯಾಸ ಹುಟ್ಟುತ್ತದೆ. ಆ ವ್ಯತ್ಯಾಸದ ಬಲದಿಂದ ಎರಡೂ ತಮ್ಮ ಸ್ಪಿನ್‌ಗಳನ್ನು ಅದಲುಬದಲು ಮಾಡಿಕೊಳ್ಳತೊಡಗುತ್ತವೆ. ಪೂರ್ತಿ ಬದಲಾಗಲು ಬಿಟ್ಟರೆ ವಿಶೇಷವೇನೂ ಇಲ್ಲ. ಸರಿಯಾಗಿ ಅರ್ಧಕ್ಕೆ ತಡೆಯನ್ನು ಮತ್ತೆ ಏರಿಸಿದರೆ ಎರಡೂ ಬಿಡಿಸಲಾಗದಂತೆ ಹೆಣೆದುಕೊಂಡಿರುತ್ತವೆ. 2005ರಲ್ಲಿ ಹಾರ್ವರ್ಡ್‌ನ ತಂಡ ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ಈ ಅರ್ಧ ವಿನಿಮಯವನ್ನು 180 ಪಿಕೊಸೆಕೆಂಡಿನಲ್ಲಿ ಮುಗಿಸಿ ತೋರಿಸಿತು. ಒಂದು ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿ, ಅದರಲ್ಲಿ 180 ಪಾಲು ತೆಗೆದುಕೊಂಡಷ್ಟು ಹೊತ್ತು.

ಆದರೆ ಗ್ಯಾಲಿಯಂ ಆರ್ಸೆನೈಡ್‌ನ ಪ್ರತಿ ಪರಮಾಣುವಿನ ನ್ಯೂಕ್ಲಿಯಸ್ಸಿಗೂ ತನ್ನದೇ ಸ್ಪಿನ್ ಇದೆ. ಆ ಗದ್ದಲದಲ್ಲಿ ಎಲೆಕ್ಟ್ರಾನಿನ ನೆನಪು ಸುಮಾರು 10 ನ್ಯಾನೊಸೆಕೆಂಡಿನಲ್ಲೇ ಕಲಸಿಹೋಗುತ್ತಿತ್ತು. ಹಾಗಾಗಿ ಸಂಶೋಧಕರು ಸಿಲಿಕಾನಿನತ್ತ ಹೊರಳಿದರು. ಪ್ರಕೃತಿಯಲ್ಲಿ ಸಿಗುವ ಸಿಲಿಕಾನಿನಲ್ಲಿ ಸ್ಪಿನ್ ಇರುವ ನ್ಯೂಕ್ಲಿಯಸ್ಸು ಶೇ 4.7ರಷ್ಟು ಮಾತ್ರ, ಅದನ್ನೂ ಶುದ್ಧೀಕರಿಸಿ ಬಹುಮಟ್ಟಿಗೆ ಹೊರಹಾಕಬಹುದು. 2015ರಲ್ಲಿ ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ತಂಡ ಸಿಲಿಕಾನಿನಲ್ಲಿ ಎರಡು ಕ್ಯೂಬಿಟ್‌ಗಳ ಲಾಜಿಕ್ ಗೇಟ್ ಮಾಡಿತು. 2022ರ ಜನವರಿಯಲ್ಲಿ ನೇಚರ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಮೂರು ತಂಡಗಳು, ಅಂದರೆ ನೆದರ್‌ಲೆಂಡ್ಸಿನ ಡೆಲ್ಫ್ಟ್, ಜಪಾನಿನ ರಿಕೆನ್ ಮತ್ತು ಸಿಡ್ನಿ, ಶೇ 99ನ್ನು ದಾಟಿದ ನಿಖರತೆಯನ್ನು ವರದಿ ಮಾಡಿದವು. ದೋಷ ತಿದ್ದುಪಡಿಯ ಅತಿ ಹೆಸರಾದ ವಿಧಾನಕ್ಕೆ ಪ್ರತಿ ಕ್ರಿಯೆಯಲ್ಲಿ ತಪ್ಪು ಸುಮಾರು ಶೇ 1ಕ್ಕಿಂತ ಕಡಿಮೆ ಇರಬೇಕು. ಹಾಗಾಗಿ ಆ ಮೂರು ಪ್ರಯೋಗಗಳು, ಅವುಗಳಲ್ಲಿದ್ದ ಕ್ಯೂಬಿಟ್ ಎಣಿಕೆ ಎರಡು ಮೂರಕ್ಕೆ ಮೀರದಿದ್ದರೂ, ಈ ಕ್ಷೇತ್ರಕ್ಕೆ ಸಾವಿರ ಕ್ಯೂಬಿಟ್‌ನ ಯಾವ ಘೋಷಣೆಗಿಂತಲೂ ದೊಡ್ಡ ಸುದ್ದಿ. ಮುಖಪುಟದಲ್ಲಿ ಅದು ಬಂದದ್ದು ಕಡಿಮೆ ಎಂಬುದು ಬೇರೆ ಮಾತು.

ಇಲ್ಲಿಂದ ಮುಂದಿನದು ಸಂಕಟದ ಭಾಗ. ಪಕ್ಕಪಕ್ಕದ ವಿನಿಮಯದ ಕೈ ಬಹಳ ಗಿಡ್ಡ. ಅಲೆಗಳು ಒಂದರ ಮೇಲೊಂದು ಹಾಯಬೇಕಾದರೆ ಗುಂಡಿಗಳ ನಡುವಿನ ದೂರ ಸುಮಾರು 100 ನ್ಯಾನೊಮೀಟರಿನ ಆಸುಪಾಸಿನಲ್ಲಿರಬೇಕು. ದೂರ ಹೆಚ್ಚಿದಂತೆ ಬಲ ಘಾತೀಯವಾಗಿ ಕುಸಿಯುತ್ತದೆ. ವಠಾರದಲ್ಲಿ ಗೋಡೆಯಾಚೆಯ ಮನೆಯವರೊಡನೆ ಮಾತ್ರ ಮಾತು, ಎದುರು ಸಾಲಿನವರಿಗೆ ಏನಾದರೂ ತಿಳಿಸಬೇಕೆಂದರೆ ನಡುವಿನ ಅಷ್ಟೂ ಮನೆಗಳ ಬಾಯಿಂದ ದಾಟಿಸಬೇಕು ಎಂಬಂಥ ಸ್ಥಿತಿ ಇದು. ದಾಟಿಸಿದಷ್ಟು ಸಲವೂ ತಪ್ಪು ಕೂಡುತ್ತದೆ. ಅಷ್ಟೇ ಅಲ್ಲ, ಪ್ರತಿ ಗುಂಡಿಗೂ ಪ್ರತಿ ತಡೆಗೂ ಒಂದೊಂದು ಗೇಟ್, ಪ್ರತಿ ಗೇಟಿಗೂ ಹೊರಗಿನಿಂದ ಒಂದು ತಂತಿ ಬೇಕು. ಸಾಮಾನ್ಯ ಚಿಪ್ಪಿನಲ್ಲಿ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳಿದ್ದರೂ ಹೊರಗೆ ಬರುವ ಕಾಲುಗಳು ಕೆಲವು ಸಾವಿರಕ್ಕೆ ಮುಗಿಯುತ್ತವೆ. ಇಲ್ಲಿ ಕ್ಯೂಬಿಟ್‌ಗಳ ಸಂಖ್ಯೆ ಬೆಳೆದಂತೆ ತಂತಿಗಳೂ ಅದೇ ಲೆಕ್ಕದಲ್ಲಿ ಬೆಳೆಯುತ್ತವೆ, ಅವೆಲ್ಲವೂ ಹತ್ತಾರು ಮಿಲಿಕೆಲ್ವಿನ್ ತಂಪಿನ ಶೀತಕದೊಳಕ್ಕೆ ಇಳಿಯಬೇಕು. ಸಾಲು ಸಾಲಾಗಿ ಅಲ್ಲದೆ ಚೌಕುಳಿಯಾಗಿ ಜೋಡಿಸಲು ಹೊರಟರೆ ನಡುವಿನ ಗುಂಡಿಗೆ ತಂತಿ ತಲುಪಿಸಲು ಜಾಗವೇ ಉಳಿಯುವುದಿಲ್ಲ. ಸ್ಪಿನ್ ಕ್ಯೂಬಿಟ್‌ಗಳ ಪರ ಮಾತಾಡುವವರು ಸದಾ ಮುಂದಿಡುವ ಹೆಮ್ಮೆ ಅವುಗಳ ಸಣ್ಣ ಗಾತ್ರ. ಆದರೆ ಕತ್ತು ಹಿಸುಕುತ್ತಿರುವುದೂ ಆ ಸಣ್ಣತನವೇ.

ಬಿಡುಗಡೆಗೆ ಎರಡು ದಾರಿಗಳು ಕಾಣುತ್ತಿವೆ. ಒಂದು, ಎಲೆಕ್ಟ್ರಾನನ್ನೇ ಸಾಗಿಸುವುದು. ಸಾಲಾಗಿ ಕೂರಿಸಿದ ಗೇಟುಗಳ ವೋಲ್ಟೇಜನ್ನು ಒಂದರ ಹಿಂದೊಂದು ಏರಿಳಿಸಿದರೆ ಗುಂಡಿಯೇ ಮುಂದಕ್ಕೆ ಜರುಗುತ್ತದೆ, ಒಳಗಿನ ಎಲೆಕ್ಟ್ರಾನ್ ತನ್ನ ಸ್ಪಿನ್ ಸಮೇತ ಜೊತೆಗೆ ಹೋಗುತ್ತದೆ. ಜರ್ಮನಿಯ ಆಖನ್ ಮತ್ತು ಯೂಲಿಶ್‌ನ ಸಂಶೋಧಕರು ಈ ವಿಧಾನವನ್ನು ಬೆಳೆಸಿದವರಲ್ಲಿ ಮುಖ್ಯರು; ಸಾಲಿನ ಎಷ್ಟೋ ಗೇಟುಗಳನ್ನು ಒಂದೇ ತಂತಿಯಿಂದ ನಡೆಸಬಹುದಾದ್ದರಿಂದ ತಂತಿಯ ತೊಡಕೂ ತಗ್ಗುತ್ತದೆ. ಡೆಲ್ಫ್ಟ್‌ನವರು ಒಟ್ಟು 10 ಮೈಕ್ರೊಮೀಟರ್ ದೂರವನ್ನು 200 ನ್ಯಾನೊಸೆಕೆಂಡಿನೊಳಗೆ ಶೇ 99.5ರ ನಿಖರತೆಯಲ್ಲಿ ಕ್ರಮಿಸಿದ್ದಾರೆ. ಒಂದು ಎಚ್ಚರಿಕೆ ಇಲ್ಲಿ ಬೇಕು: ಅದು ಉದ್ದನೆಯ ಹಾದಿಯಲ್ಲಿ ಸಾಗಿದ ದೂರವಲ್ಲ, ಗಿಡ್ಡ ಸಾಲಿನೊಳಗೆ ಹಿಂದೆ ಮುಂದೆ ಓಡಾಡಿಸಿ ಕೂಡಿಸಿದ ದೂರ. ಉದ್ದ ಹಾದಿಯಲ್ಲಿ ಹೊಸ ತೊಂದರೆ ಎದುರಾಗುತ್ತದೆ. ಸಿಲಿಕಾನಿನ ಎಲೆಕ್ಟ್ರಾನಿಗೆ ಸ್ಪಿನ್ ಅಲ್ಲದೆ ಕಣಿವೆ ಎಂದು ಕರೆಯುವ ಇನ್ನೊಂದು ಜೋಡಿ ಸ್ಥಿತಿಗಳಿವೆ. ಅವುಗಳ ನಡುವಿನ ಶಕ್ತಿಯ ಅಂತರ ಸ್ಫಟಿಕದೊಳಗೆ ಜರ್ಮೇನಿಯಮ್ ಪರಮಾಣುಗಳು ಎಲ್ಲೆಲ್ಲಿ ಬಿದ್ದಿವೆ ಎಂಬುದರ ಮೇಲೆ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಅಂತರ ತೀರ ತಗ್ಗಿದ ಜಾಗದಲ್ಲಿ ಹಾದರೆ ಸ್ಪಿನ್ನಿನ ಮಾಹಿತಿ ಸೋರಿಹೋಗುತ್ತದೆ.

ಇನ್ನೊಂದು ದಾರಿ, ಎಲೆಕ್ಟ್ರಾನನ್ನು ಇದ್ದಲ್ಲೇ ಬಿಟ್ಟು ಮೈಕ್ರೋವೇವ್ ಫೋಟಾನನ್ನು ನಡುವಿನ ದೂತನನ್ನಾಗಿ ಮಾಡುವುದು. ಚಿಪ್ಪಿನ ಮೇಲೆ ಅತಿವಾಹಕ ಲೋಹದ ಸಣ್ಣ ಅನುರಣಕವನ್ನು ಕೊರೆದು, ಅದರ ಎರಡು ತುದಿಗಳಲ್ಲಿ ಎರಡು ಸ್ಪಿನ್‌ಗಳನ್ನು ಕೂರಿಸುತ್ತಾರೆ. ತೊಡಕೆಂದರೆ ಸ್ಪಿನ್ನಿಗೂ ಫೋಟಾನಿಗೂ ನೇರ ನಂಟು ಇಲ್ಲವೆನ್ನುವಷ್ಟು ದುರ್ಬಲ. ಹಾಗಾಗಿ ಎಲೆಕ್ಟ್ರಾನನ್ನು ಎರಡು ಗುಂಡಿಗಳ ನಡುವೆ ಹರಡಿ, ಪಕ್ಕದಲ್ಲೊಂದು ಸಣ್ಣ ಕೋಬಾಲ್ಟ್ ಅಯಸ್ಕಾಂತವನ್ನಿಟ್ಟು, ಎಲೆಕ್ಟ್ರಾನ್ ಆಚೀಚೆ ಸರಿದರೆ ಸ್ಪಿನ್ನಿಗೂ ಅದು ತಿಳಿಯುವಂತೆ ಮಾಡುತ್ತಾರೆ. ಫೋಟಾನಿನ ವಿದ್ಯುತ್ ಕ್ಷೇತ್ರ ಎಲೆಕ್ಟ್ರಾನಿನ ಆವೇಶವನ್ನು ಸರಿಸುತ್ತದೆ, ಆ ಸರಿದಾಟ ಸ್ಪಿನ್ನಿಗೆ ತಲುಪುತ್ತದೆ. 2018ರಲ್ಲಿ ಪ್ರಿನ್ಸ್‌ಟನ್, ಡೆಲ್ಫ್ಟ್ ಮತ್ತು ಜ್ಯೂರಿಕ್‌ನ ತಂಡಗಳು ಕೆಲವೇ ತಿಂಗಳ ಅಂತರದಲ್ಲಿ ಸ್ಪಿನ್ ಮತ್ತು ಫೋಟಾನುಗಳ ಗಟ್ಟಿ ಬೆಸುಗೆಯನ್ನು ಸಾಧಿಸಿದವು. 2020ರಲ್ಲಿ ಪ್ರಿನ್ಸ್‌ಟನ್ ತಂಡ ಸುಮಾರು 4 ಮಿಲಿಮೀಟರ್ ಅಂತರದ ಎರಡು ಸ್ಪಿನ್‌ಗಳು ಒಂದೇ ಅನುರಣಕದ ಮೂಲಕ ಒಂದಕ್ಕೊಂದು ಸ್ಪಂದಿಸುವುದನ್ನು ತೋರಿಸಿತು. ಮುಂದೆ ಡೆಲ್ಫ್ಟ್‌ನವರು 250 ಮೈಕ್ರೊಮೀಟರ್ ದೂರದ ಎರಡು ಸ್ಪಿನ್‌ಗಳು ಸ್ಥಿತಿಯನ್ನು ಅದಲುಬದಲು ಮಾಡಿಕೊಳ್ಳುವುದನ್ನು ಕಾಲಕ್ರಮದಲ್ಲಿ ಅಳೆದರು. ಪಕ್ಕಪಕ್ಕದ ವಿನಿಮಯಕ್ಕೆ ಹೋಲಿಸಿದರೆ ಇದು ಸಾವಿರಾರು ಪಟ್ಟು ದೂರ. ನಿಖರತೆ ಮಾತ್ರ ಇನ್ನೂ ಪಕ್ಕಪಕ್ಕದ ಬೆಸುಗೆಯ ಮಟ್ಟ ಮುಟ್ಟಿಲ್ಲ.

ಅದು ಮುಟ್ಟದಿರಲು ಕಾರಣ ಬರಿಯ ಕೈಚಳಕದ ಕೊರತೆಯಲ್ಲ. ಸ್ಪಿನ್ ಕ್ಯೂಬಿಟ್ ಹೆಚ್ಚು ಹೊತ್ತು ನೆನಪಿಡುವುದು ಅದು ಸುತ್ತಲಿನ ಯಾವುದಕ್ಕೂ ಸುಲಭವಾಗಿ ಅಂಟಿಕೊಳ್ಳದ ಕಾರಣಕ್ಕೆ. ನೆರೆಯವನಿಗೆ ಬೆಸೆಯಬೇಕಾದರೆ ಆ ಒಂಟಿತನವನ್ನು ಮುರಿಯಬೇಕು, ಮುರಿದ ಬಾಗಿಲಿನಿಂದ ಗದ್ದಲವೂ ಒಳಬರುತ್ತದೆ. ಕೋಬಾಲ್ಟ್ ಅಯಸ್ಕಾಂತ ಫೋಟಾನಿನ ಮಾತನ್ನು ಸ್ಪಿನ್ನಿಗೆ ಮುಟ್ಟಿಸುವಂತೆಯೇ ಚಿಪ್ಪಿನ ಆಕ್ಸೈಡ್ ಪದರದಲ್ಲಿ ಅತ್ತಿತ್ತ ಜಿಗಿಯುವ ಬಿಡಿ ಆವೇಶಗಳ ಕಿರಿಕಿರಿಯನ್ನೂ ಮುಟ್ಟಿಸುತ್ತದೆ. ವಿನಿಮಯದ ಗೇಟಿಗೂ ಇದೇ ಕಥೆ: ತಡೆಯ ವೋಲ್ಟೇಜು ಕೆಲವೇ ಮಿಲಿವೋಲ್ಟ್ ಬದಲಾದರೂ ವಿನಿಮಯದ ಬಲ ಬಹಳಷ್ಟು ಬದಲಾಗುತ್ತದೆ, ಅರ್ಧಕ್ಕೆ ನಿಲ್ಲಿಸುವ ಲೆಕ್ಕ ತಪ್ಪುತ್ತದೆ. ಅಂದರೆ ಬೆಸುಗೆಯ ಶಕ್ತಿ ಮತ್ತು ನೆನಪಿನ ಆಯುಷ್ಯ ಒಂದನ್ನೊಂದು ತಿನ್ನುತ್ತವೆ. ಈ ಎರಡರ ನಡುವಿನ ಚೌಕಾಸಿಯಲ್ಲಿ ಯಾರು ಎಷ್ಟು ಗಳಿಸಿದ್ದಾರೆ ಎಂಬುದೇ ಈ ಕ್ಷೇತ್ರದ ಪ್ರಗತಿಯ ಅಳತೆಗೋಲು. ಕ್ಯೂಬಿಟ್‌ಗಳ ತಲೆಯೆಣಿಕೆಯಲ್ಲಿ ಅದು ಕಾಣುವುದೇ ಇಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ನನಗೆ ಗೊತ್ತು: ಬೆಸುಗೆ ಎಂಜಿನಿಯರಿಂಗಿನ ವಿವರ, ಚಿಪ್ ಉದ್ಯಮ ತನ್ನ ಅರವತ್ತು ವರ್ಷಗಳ ಅನುಭವದಿಂದ ಅದನ್ನು ಹೇಗೋ ಬಗೆಹರಿಸುತ್ತದೆ. ಆ ಉದ್ಯಮದ ಬಲವನ್ನು ನಾನು ಕಡೆಗಣಿಸುವುದಿಲ್ಲ. ಬೆಲ್ಜಿಯಮ್ಮಿನ ಐಮೆಕ್ ಕೇಂದ್ರದಲ್ಲಿ ಉದ್ಯಮದ ವಿಧಾನದಿಂದಲೇ ಮಾಡಿದ ಚಿಪ್ಪುಗಳಲ್ಲಿ ಎರಡು ಕ್ಯೂಬಿಟ್ ಗೇಟುಗಳು ಶೇ 99 ದಾಟಿರುವುದನ್ನು ಆಸ್ಟ್ರೇಲಿಯಾದ ಡಿರಾಕ್ ಕಂಪನಿಯವರು 2025ರಲ್ಲಿ ತೋರಿಸಿದರು. ಆದರೆ ಟ್ರಾನ್ಸಿಸ್ಟರಿನ ಉದಾಹರಣೆ ಇಲ್ಲಿ ಅರ್ಧವಷ್ಟೇ ಸಲ್ಲುತ್ತದೆ. ಟ್ರಾನ್ಸಿಸ್ಟರು ನೆರೆಯದಕ್ಕೆ ಸಂಕೇತ ಕಳಿಸುವಾಗ ತನ್ನ ಬಿಟ್ಟನ್ನು ನಕಲು ಮಾಡಿ, ಬಲಪಡಿಸಿ ಕಳಿಸುತ್ತದೆ. ದಾರಿಯಲ್ಲಿ ಸವೆದರೆ ಮತ್ತೆ ಬಲಪಡಿಸಬಹುದು. ಕ್ವಾಂಟಮ್ ಸ್ಥಿತಿಯನ್ನು ನಕಲು ಮಾಡಲು ಭೌತವಿಜ್ಞಾನ ಬಿಡುವುದೇ ಇಲ್ಲ. ಒಂದು ಚಿಪ್ಪಿನೊಳಗೆ ತಾಮ್ರದ ತಂತಿ ಎಳೆದು ಮುಗಿಸಿದ ಕೆಲಸ ಇಲ್ಲಿ ಪ್ರತಿ ಸಲ ಹೊಸ ಪ್ರಯೋಗ. ಉದ್ಯಮದ ಶಿಸ್ತು ಗುಂಡಿಗಳನ್ನು ಒಂದೇ ಸಮನಾಗಿಸುತ್ತದೆ, ತಂತಿಗಳನ್ನು ಹಂಚಿಕೊಳ್ಳುವುದನ್ನು ಸುಲಭವಾಗಿಸುತ್ತದೆ, ಚೌಕಾಸಿಯನ್ನೇ ಇಲ್ಲವಾಗಿಸುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯದು. ಗೂಗಲ್‌ನ 105 ಕ್ಯೂಬಿಟ್‌ಗಳ ವಿಲೋ ಚಿಪ್ 2024ರ ಡಿಸೆಂಬರ್‌ನಲ್ಲಿ ದೋಷ ತಿದ್ದುಪಡಿ ನಿಜಕ್ಕೂ ಫಲ ಕೊಡುವುದನ್ನು ತೋರಿಸಿರುವಾಗ, ಅತಿವಾಹಕ ಕ್ಯೂಬಿಟ್‌ಗಳು ಇಷ್ಟು ಮುಂದೆ ಹೋಗಿರುವಾಗ ಸಿಲಿಕಾನಿನ ಸ್ಪಿನ್‌ಗಳ ಗೊಡವೆ ಯಾಕೆ? ಅತಿವಾಹಕದವರು ಮುಂದಿದ್ದಾರೆ, ನಿಜ. ಆದರೆ ಅವರ ಇತಿಹಾಸವೇ ನನ್ನ ವಾದಕ್ಕೆ ಸಾಕ್ಷಿ. 2023ರ ಡಿಸೆಂಬರ್‌ನಲ್ಲಿ ಐಬಿಎಂ ಎರಡು ಚಿಪ್ಪುಗಳನ್ನು ಒಟ್ಟಿಗೆ ಹೊರತಂದಿತು: 1,121 ಕ್ಯೂಬಿಟ್‌ಗಳ ಕಾಂಡಾರ್, 133 ಕ್ಯೂಬಿಟ್‌ಗಳ ಹೆರಾನ್. ಸುದ್ದಿ ಆದದ್ದು ಸಾವಿರ ದಾಟಿದ ಕಾಂಡಾರ್. ಕಂಪನಿ ಮುಂದೆ ನೆಚ್ಚಿಕೊಂಡದ್ದು ಹೆರಾನನ್ನು, ಏಕೆಂದರೆ ಅದರಲ್ಲಿ ನೆರೆಯ ಕ್ಯೂಬಿಟ್‌ಗಳ ನಡುವಿನ ಬೆಸುಗೆಯನ್ನು ಬೇಕಾದಾಗ ಹಾಕಿ ಬೇಡವಾದಾಗ ಬಿಡಿಸುವ ಏರ್ಪಾಡು ಇತ್ತು, ತಪ್ಪುಗಳು ಅದರಿಂದ ಬಹಳಷ್ಟು ತಗ್ಗಿದ್ದವು. ಇನ್ನು ಗಾತ್ರದ ಪ್ರಶ್ನೆ. ಅತಿವಾಹಕ ಕ್ಯೂಬಿಟ್ ಒಂದು ಮಿಲಿಮೀಟರಿನ ಕೆಲವು ಹತ್ತನೇ ಭಾಗದಷ್ಟು ದೊಡ್ಡದು. 2,048 ಬಿಟ್‌ಗಳ ಆರ್‌ಎಸ್‌ಎ ಗುಪ್ತಲಿಪಿಯನ್ನು ಒಡೆಯಲು 2 ಕೋಟಿ ಕ್ಯೂಬಿಟ್ ಬೇಕೆಂದು 2019ರಲ್ಲಿ ಅಂದಾಜಿಸಿದ್ದ ಗೂಗಲ್‌ನ ಕ್ರೇಗ್ ಗಿಡ್ನಿ, 2025ರಲ್ಲಿ ಅದನ್ನು 10 ಲಕ್ಷಕ್ಕೂ ಕೆಳಗಿಳಿಸಿದರು. ಕ್ಯೂಬಿಟ್‌ಗಳ ಗುಣ ಒಂದಿಷ್ಟೂ ಬದಲಾಗದೆ ಎಣಿಕೆಯೇ ಇಪ್ಪತ್ತು ಪಟ್ಟು ಕುಸಿಯಿತೆಂದರೆ ಎಣಿಕೆ ಎಷ್ಟು ಜಾರುವ ಗುರಿ ಎಂದು ತಿಳಿಯುತ್ತದೆ. ಆದರೂ ಲಕ್ಷಗಳ ಲೆಕ್ಕದಲ್ಲಿ ಹೋದಾಗ ಒಂದೇ ಚಿಪ್ಪಿನಲ್ಲಿ ಹಿಡಿಸುವ, ಒಂದು ಕೆಲ್ವಿನ್ ತಾಪದಲ್ಲೂ ನಡೆಯಬಲ್ಲ ಕ್ಯೂಬಿಟ್‌ಗೆ ಬೆಲೆ ಬರುತ್ತದೆ. ಸ್ಪಿನ್ ಕ್ಯೂಬಿಟ್‌ಗಳು ಆ ತಾಪದಲ್ಲಿ ಕೆಲಸ ಮಾಡುವುದನ್ನು ಸಿಡ್ನಿ ಮತ್ತು ಡೆಲ್ಫ್ಟ್ ತಂಡಗಳು 2020ರಲ್ಲೇ ತೋರಿಸಿವೆ. ಒಂದು ಕೆಲ್ವಿನ್ ನಮಗೆ ಊಹಿಸಲಾರದ ಚಳಿಯೇ. ಶೀತಕಕ್ಕೆ ಮಾತ್ರ ಮಿಲಿಕೆಲ್ವಿನ್‌ಗಿಂತ ಎಷ್ಟೋ ಪಟ್ಟು ಹೆಚ್ಚು ಶಾಖವನ್ನು ಹೊರಹಾಕಲು ಅಲ್ಲಿ ಸಾಧ್ಯ. ನಿಯಂತ್ರಣದ ಸರ್ಕೀಟುಗಳನ್ನು ಕ್ಯೂಬಿಟ್‌ಗಳ ಪಕ್ಕದಲ್ಲೇ ಕೂರಿಸಲು ಅದು ಅವಕಾಶ ಕೊಡುತ್ತದೆ, ತಂತಿಗಳ ಕಾಡನ್ನು ಕಡಿಯುತ್ತದೆ.

ಭಾರತಕ್ಕೆ ಇದರಲ್ಲಿ ಸಂಬಂಧವಿದೆ, ಬೆಂಗಳೂರಿಗೆ ವಿಶೇಷವಾಗಿ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ₹6,003.65 ಕೋಟಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್ ತನ್ನ ಕಂಪ್ಯೂಟರ್ ಗುರಿಯನ್ನು ಎಣಿಕೆಯಲ್ಲೇ ಹೇಳಿತು: 8 ವರ್ಷಗಳಲ್ಲಿ 50ರಿಂದ 1,000 ಭೌತಿಕ ಕ್ಯೂಬಿಟ್. ವೇದಿಕೆಗಳ ಉದಾಹರಣೆಯಾಗಿ ಅತಿವಾಹಕ ಮತ್ತು ಫೋಟಾನಿಕ್ ತಂತ್ರಜ್ಞಾನಗಳನ್ನು ಹೆಸರಿಸಿತು. ಮಿಷನ್ನಿನ ಕ್ವಾಂಟಮ್ ಕಂಪ್ಯೂಟಿಂಗ್ ಕೇಂದ್ರ ಇರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಎಣಿಕೆಯ ಗುರಿ ಇಲ್ಲದಿದ್ದರೆ ಲೆಕ್ಕಪರಿಶೋಧಕರು ಏನನ್ನು ಅಳೆಯಬೇಕು, ತೆರಿಗೆ ಹಣಕ್ಕೆ ಉತ್ತರ ಹೇಗೆ ಎಂದು ಅಧಿಕಾರಿಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಬೆಸುಗೆಯೂ ಅಂಕಿಯೇ. ಎರಡು ಕ್ಯೂಬಿಟ್ ಗೇಟಿನ ನಿಖರತೆ ಎಷ್ಟು, ಎಷ್ಟು ದೂರದ ಜೋಡಿಗೆ ಅದು ಸಿಕ್ಕಿತು, ಉಳಿದ ಕ್ಯೂಬಿಟ್‌ಗಳೂ ಏಕಕಾಲಕ್ಕೆ ಕೆಲಸದಲ್ಲಿದ್ದಾಗ ಅದರಲ್ಲಿ ಎಷ್ಟು ಉಳಿಯಿತು: ಈ ಮೂರನ್ನೂ ಪ್ರಯೋಗಾಲಯ ಅಳೆಯಬಲ್ಲದು, ಹೊರಗಿನವರು ಪರೀಕ್ಷಿಸಬಲ್ಲರು. ಎಣಿಕೆಯ ಗುರಿಯನ್ನು ಮುಟ್ಟಲು ಕಳಪೆ ಕ್ಯೂಬಿಟ್‌ಗಳನ್ನು ತುಂಬಿಸಿದರೂ ನಡೆಯುತ್ತದೆ. ಇವುಗಳಲ್ಲಿ ಆ ಕಳ್ಳದಾರಿ ಇಲ್ಲ.

ದೇಶದಲ್ಲಿ ಅತ್ಯಾಧುನಿಕ ಚಿಪ್ ಕಾರ್ಖಾನೆ ಇಲ್ಲದಿರುವಾಗ ಸಿಲಿಕಾನ್ ಸ್ಪಿನ್ನಿನ ಮಾತೇಕೆ ಎಂಬ ಮಾತೂ ಬರುತ್ತದೆ. ಹಿಲ್ಸ್‌ಬರೊದ ಜೊತೆ ತಯಾರಿಕೆಯಲ್ಲಿ ಸ್ಪರ್ಧಿಸುವುದು ಸದ್ಯಕ್ಕೆ ಆಗದ ಹೋಗದ ಕೆಲಸ, ಆ ಹಟ ಬೇಕಾಗಿಯೂ ಇಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಾಗಿನಿಂದ ಬೆಂಗಳೂರು ಕಲಿತದ್ದು ಚಿಪ್ಪಿನ ವಿನ್ಯಾಸ. ಬೆಸುಗೆಯ ಸಮಸ್ಯೆಯ ದೊಡ್ಡ ಪಾಲು ವಿನ್ಯಾಸದ್ದೇ: ಅತಿ ತಂಪಿನಲ್ಲಿ ಟ್ರಾನ್ಸಿಸ್ಟರು ಹೇಗೆ ನಡೆದುಕೊಳ್ಳುತ್ತದೆಂಬ ಮಾದರಿ, ನ್ಯಾನೊಸೆಕೆಂಡಿನ ವೋಲ್ಟೇಜ್ ಮಿಡಿತವನ್ನು ಅತಿ ಕಡಿಮೆ ಶಾಖದಲ್ಲಿ ಹುಟ್ಟಿಸುವ ಸರ್ಕೀಟು, ಒಂದೇ ತಂತಿಯನ್ನು ಹಲವು ಗೇಟುಗಳಿಗೆ ಹಂಚುವ ಜಾಣ್ಮೆ. ಡೆಲ್ಫ್ಟ್‌ನಲ್ಲಿ 16 ಕ್ವಾಂಟಮ್ ಡಾಟ್‌ಗಳ ಜರ್ಮೇನಿಯಮ್ ಜಾಲವನ್ನು ಹಂಚಿಕೊಂಡ ಗೇಟುಗಳಿಂದಲೇ ನಿಯಂತ್ರಿಸಿ ತೋರಿಸಿದ್ದಾರೆ. ಇಂಥ ವಿನ್ಯಾಸ ಮಾಡಬಲ್ಲ ಎಂಜಿನಿಯರುಗಳು ನಮ್ಮ ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ಇಂದು ಮೊಬೈಲ್ ಚಿಪ್ಪುಗಳ ಕೆಲಸದಲ್ಲಿದ್ದಾರೆ. ಅಂಥವರಲ್ಲಿ ಕೆಲವರನ್ನು ಶೀತಕದ ಪಕ್ಕಕ್ಕೆ ಕರೆತರಲು ಮಿಷನ್ ಹಣ ಇಡಬೇಕು, ಚಿಪ್ಪನ್ನು ಹೊರಗೆ ಮಾಡಿಸಿ ಇಲ್ಲಿ ಅಳೆಯಲು ಸಂಶೋಧಕರಿಗೆ ದಾರಿ ಸರಾಗ ಮಾಡಬೇಕು. ಹೀಗೆ ಹೊರಟರೆ ಕೆಲವು ವರ್ಷ ನಮ್ಮ ಎಣಿಕೆ ಒಂದಂಕಿಯಲ್ಲೇ ಇರುತ್ತದೆ, ಬೇರೆಯವರ ನೂರು ಸಾವಿರಗಳ ಎದುರು ಪತ್ರಿಕಾಗೋಷ್ಠಿಯಲ್ಲಿ ಮಂಕಾಗಿ ಕಾಣುತ್ತದೆ. 2022ರಲ್ಲಿ ಡೆಲ್ಫ್ಟ್‌ನವರು ಹೊರತಂದ ಸಾಧನದಲ್ಲೂ ಇದ್ದದ್ದು 6 ಕ್ಯೂಬಿಟ್.